ಬಿದನೂರಿನ ಎರಡು ಗುಟ್ಟುಗಳು

1763ರ ಮೊದಲ ತಿಂಗಳುಗಳಲ್ಲಿ ಹೈದರಾಲಿಯ ಸೈನ್ಯ ಬಿದನೂರನ್ನು ಹಿಡಿಯಿತು. ಎರಡೂವರೆ ಶತಮಾನಕ್ಕೂ ಮಿಕ್ಕಿ ಬಾಳಿದ ಕೆಳದಿಯ ನಾಯಕರ ಮನೆತನ ಅಲ್ಲಿಗೆ ಮುಗಿಯಿತು. ಮಲೆನಾಡಿನ ಅಡಿಕೆ ಮೆಣಸು, ಕರಾವಳಿಯ ಅಕ್ಕಿ, ಬಂದರುಗಳ ಸುಂಕ ಇವೆಲ್ಲ ಕೈಯಲ್ಲಿದ್ದ ಶ್ರೀಮಂತ ರಾಜ್ಯ ಅದು. ಅಂಥದ್ದು ಕೆಲವೇ ವಾರಗಳಲ್ಲಿ ಕುಸಿದದ್ದು ಏಕೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಬಹುಕಾಲದಿಂದ ಒಂದು ಸಿದ್ಧ ಉತ್ತರವಿದೆ. ವಿಧವೆಯಾದ ರಾಣಿ ವೀರಮ್ಮಾಜಿ ನಿಂಬಯ್ಯನೆಂಬವನ ಸಂಗ ಮಾಡಿದಳು, ಅದನ್ನು ಆಕ್ಷೇಪಿಸಿದ ದತ್ತುಮಗ ಚನ್ನಬಸವನಾಯಕನನ್ನು ಕೊಲ್ಲಿಸಿದಳು, ಆ ಪಾಪ ರಾಜ್ಯವನ್ನು ತಿಂದಿತು. ಇತಿಹಾಸದ ಗ್ರಂಥಗಳು ಇದನ್ನು ಬರೆದವು, ಕಾದಂಬರಿ ಇದಕ್ಕೆ ಜೀವ ತುಂಬಿತು, ಓದಿದವರೂ ಓದದವರೂ ಇದನ್ನೇ ನಂಬಿದರು. ಗಂಡನಿಗೆ ಬಗೆದ ದ್ರೋಹವೇ ರಾಜ್ಯಕ್ಕೆ ಬಗೆದ ದ್ರೋಹವಾಯಿತು ಎಂಬುದು ಈ ಕಥೆಯ ತಿರುಳು. ಆ ತಿರುಳು ಪುರಾವೆಯ ಮುಂದೆ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ. ರಾಣಿ ನಿಷ್ಕಳಂಕಳೆಂದು ಸಾಧಿಸುವ ಉದ್ದೇಶ ಇಲ್ಲಿಲ್ಲ. ಅಂತಃಪುರದ ಗುಟ್ಟು ಯಾವಾಗ ಹೊರಬಿತ್ತು, ಯಾರ ಬಾಯಿಂದ ಬಿತ್ತು, ಬಿದ್ದದ್ದರಿಂದ ಯಾರಿಗೆ ಅನುಕೂಲವಾಯಿತು ಎಂದು ವಿಚಾರಿಸಿದರೆ, ನಮ್ಮ ಐತಿಹಾಸಿಕ ಕಥನ ಹೆಣ್ಣಿನ ಗುಟ್ಟನ್ನು ಯಾವ ಕೆಲಸಕ್ಕೆ ದುಡಿಸಿಕೊಂಡಿದೆ ಎಂಬುದು ತಿಳಿಯುತ್ತದೆ.

ಮೊದಲು ಕಥೆಯನ್ನು ಅದರ ಪೂರ್ಣರೂಪದಲ್ಲಿ ನೋಡೋಣ. ಅದನ್ನು ವಿವರವಾಗಿ ದಾಖಲಿಸಿದವರಲ್ಲಿ ಮಾರ್ಕ್ ವಿಲ್ಕ್ಸ್ ಪ್ರಮುಖ. ಟಿಪ್ಪು ಮಡಿದ ಕೆಲವು ವರ್ಷಗಳ ನಂತರ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಈತ ಬರೆದ ದಕ್ಷಿಣ ಭಾರತದ ಇತಿಹಾಸದ ಮೊದಲ ಸಂಪುಟ 1810ರಲ್ಲಿ ಬಂದಿತು. ಅವನ ನಿರೂಪಣೆಯಂತೆ, ರಾಣಿಯ ಗಂಡ ಬಸವಪ್ಪನಾಯಕ ತೀರಿಕೊಂಡ ಮೇಲೆ ಎಳೆಯ ದತ್ತುಪುತ್ರನ ಹೆಸರಿನಲ್ಲಿ ರಾಣಿ ಅಧಿಕಾರ ನಡೆಸುತ್ತಿದ್ದಳು. ಹುಡುಗ ಬೆಳೆದು ಅವಳ ನಡತೆಯನ್ನು ಆಕ್ಷೇಪಿಸಿದ. ಆಗ ಒಬ್ಬ ಜಟ್ಟಿಯ ಕೈಯಿಂದ, ಮೈ ತಿಕ್ಕಿಸಿಕೊಳ್ಳುವ ಹೊತ್ತಿನಲ್ಲಿ, ಅವನ ಕತ್ತು ಮುರಿಸಿದಳು. ಆಮೇಲೆ ಇನ್ನೊಂದು ಮಗುವನ್ನು ದತ್ತು ತೆಗೆದುಕೊಂಡು ಆಳಿಕೆ ಮುಂದುವರಿಸಿದಳು. ಪ್ರಜೆಗಳು ಅಸಹ್ಯಪಟ್ಟರು. ಐದು ವರ್ಷಗಳ ಬಳಿಕ ಚಿತ್ರದುರ್ಗದ ಪಾಳೆಯಗಾರ ಒಬ್ಬ ತರುಣನನ್ನು ಹೈದರನ ಮುಂದೆ ತಂದು ನಿಲ್ಲಿಸಿದ. ಸತ್ತನೆಂದು ಎಲ್ಲರೂ ತಿಳಿದಿದ್ದ ಚನ್ನಬಸವನಾಯಕ ಇವನೇ, ಜಟ್ಟಿ ಕನಿಕರದಿಂದ ಇವನನ್ನು ಕೊಲ್ಲದೆ ತನ್ನ ಮನೆಯಲ್ಲಿ ಬಚ್ಚಿಟ್ಟಿದ್ದ ಎಂದು ಹೇಳಿಕೆ. ನ್ಯಾಯವಾದ ವಾರಸುದಾರನಿಗೆ ಪಟ್ಟ ಕಟ್ಟಿಸುವ ನೆಪದಲ್ಲಿ ಹೈದರ್ ಮಲೆನಾಡಿನತ್ತ ಹೊರಟ. ಹಾದರ, ಕೊಲೆ, ಬದುಕಿ ಬಂದ ಅರಸುಮಗ, ಸೇಡು. ಕಾದಂಬರಿಗೆ ಬೇಕಾದ ಎಲ್ಲವೂ ಇತಿಹಾಸಕಾರನ ಪುಟದಲ್ಲೇ ಅಣಿಯಾಗಿದ್ದವು.

ಈ ಕಥೆ ಬಂದ ದಾರಿಯನ್ನು ಹಿಮ್ಮುಖವಾಗಿ ನಡೆದು ನೋಡಬೇಕು. ಬಿದನೂರು ಬಿದ್ದು ಸುಮಾರು ಅರ್ಧ ಶತಮಾನದ ನಂತರ ವಿಲ್ಕ್ಸ್ ಬರೆದದ್ದು. ಅವನಿಗೆ ಸಿಕ್ಕ ಮಾಹಿತಿದಾರರು ಮೈಸೂರಿನವರು, ಹೈದರನ ಚಾಕರಿಯಲ್ಲಿದ್ದವರು ಅಥವಾ ಅಂಥವರಿಂದ ಕೇಳಿದವರು. ಹೈದರನ ಕಡೆಯವರಿಗೆ ಇದನ್ನು ಒದಗಿಸಿದ್ದು ಚಿತ್ರದುರ್ಗದ ನಾಯಕ. ಚಿತ್ರದುರ್ಗಕ್ಕೂ ಕೆಳದಿಗೂ ತಲೆಮಾರುಗಳ ಗಡಿಜಗಳವಿತ್ತು. ಅಷ್ಟರಲ್ಲೇ ಹೈದರನ ಒತ್ತಾಯಕ್ಕೆ ಮಣಿದಿದ್ದ ಆ ಪಾಳೆಯಗಾರನಿಗೆ ಹೈದರನ ಕಣ್ಣು ತನ್ನ ಕೋಟೆಯ ಮೇಲಿಂದ ಬೇರೆ ಕಡೆಗೆ ಹೊರಳುವುದು ಬೇಕಾಗಿತ್ತು. ಹೀಗೆ ಕಥೆಯ ಒಂದು ತುದಿಯಲ್ಲಿ ಶತ್ರು, ನಡುವೆ ಗೆದ್ದವನು, ಇನ್ನೊಂದು ತುದಿಯಲ್ಲಿ ಗೆದ್ದವನ ರಾಜ್ಯವನ್ನು ತಾವು ಗೆದ್ದುಕೊಂಡವರು. ರಾಣಿಯ ಪರವಾಗಿ ಮಾತಾಡುವ ಒಂದು ದನಿಯೂ ಈ ಸಾಲಿನಲ್ಲಿ ಇಲ್ಲ. ಕೆಳದಿಯ ಆಶ್ರಯದಲ್ಲಿ ಹುಟ್ಟಿದ ಕೆಳದಿನೃಪವಿಜಯ ಎಂಬ ಚಂಪೂಕಾವ್ಯ ಇದೆ, ನಿಜ. ಆದರೆ ಆಸ್ಥಾನದ ಕಾವ್ಯ ಅರಸುಮನೆಯನ್ನು ಹೊಗಳಲು ಹುಟ್ಟಿದ್ದು, ಅದನ್ನು ನಿಷ್ಪಕ್ಷಪಾತ ಸಾಕ್ಷಿಯೆಂದು ಕರೆಯಲಾಗದು. ಕೆಳದಿಯವರ ಶಾಸನಗಳು, ಶೃಂಗೇರಿ ಮಠದ ಕಡತಗಳಲ್ಲಿರುವ ಅವರ ನಿರೂಪಗಳು ಭೂಮಿ, ಉಂಬಳಿ, ಸುಂಕ, ಮಠದ ಮರ್ಯಾದೆ ಇವುಗಳ ಕುರಿತವು. ಕಚೇರಿಯ ಕಾಗದ ಮಲಗುವ ಮನೆಯ ವಿಚಾರ ಬರೆಯುವುದಿಲ್ಲ. ಆದ್ದರಿಂದ ನಮ್ಮ ಬಳಿ ಇರುವುದು ಒಂದು ಪಕ್ಷದ ಆರೋಪಪಟ್ಟಿ ಮಾತ್ರ, ಆರೋಪಿಯ ಹೇಳಿಕೆಯೇ ಇಲ್ಲದ ತೀರ್ಪು.

ಆ ಆರೋಪಪಟ್ಟಿ ತನ್ನೊಳಗೇ ಮುಗ್ಗರಿಸುತ್ತದೆ. ಹೈದರನ ಜೊತೆ ಬಂದ ತರುಣ ನಿಜವಾದ ಚನ್ನಬಸವನಾಯಕನಾಗಿದ್ದರೆ ರಾಣಿಯ ಮೇಲಿನ ಕೊಲೆಯ ಆರೋಪ ಬಿದ್ದುಹೋಗುತ್ತದೆ, ಉಳಿಯುವುದು ಕೊಲೆಯ ಯತ್ನ ಮಾತ್ರ. ಅವನು ನಕಲಿಯಾಗಿದ್ದರೆ, ಕಥೆ ಹೇಳಿದವರೇ ಸುಳ್ಳುಗಾರರೆಂದು ಸಾಬೀತಾಗುತ್ತದೆ. ಮುಖ್ಯಸಾಕ್ಷಿಯನ್ನೇ ಸೃಷ್ಟಿಸಿದವರು ಉಳಿದದ್ದನ್ನು ಪ್ರಾಮಾಣಿಕವಾಗಿ ವರದಿ ಮಾಡಿದರೆಂದು ನಂಬುವುದು ಹೇಗೆ? ಹೈದರನ ಸಿಪಾಯಿಗಳು ಆ ತರುಣನನ್ನು ಸತ್ತು ಎದ್ದುಬಂದ ರಾಜನೆಂದು ದಾರಿಯುದ್ದಕ್ಕೂ ಗೇಲಿ ಮಾಡುತ್ತಿದ್ದರೆಂದು ವಿಲ್ಕ್ಸನೇ ಬರೆಯುತ್ತಾನೆ. ದಂಡಿನವರಿಗೆ ಇದ್ದ ಅನುಮಾನ ಆಮೇಲಿನ ಕಾದಂಬರಿಕಾರರಿಗೂ ಓದುಗರಿಗೂ ಇಲ್ಲದೆ ಹೋಯಿತು. ಕೊನೆಯ ಪುರಾವೆಯಂತೂ ಹೈದರನದೇ. ಬಿದನೂರು ಕೈಸೇರಿದ ಮೇಲೆ ಅವನು ಪಟ್ಟ ಕಟ್ಟುವ ಮಾತನ್ನು ಮರೆತ. ರಾಣಿ, ನಿಂಬಯ್ಯ, ಎಳೆಯ ದತ್ತುಮಗ ಇವರ ಜೊತೆಗೇ, ಯಾರಿಗಾಗಿ ಯುದ್ಧ ಮಾಡಿದೆನೆಂದು ಹೇಳಿಕೊಂಡಿದ್ದನೋ ಆ ವಾರಸುದಾರನನ್ನೂ ಮಧುಗಿರಿಯ ದುರ್ಗಕ್ಕೆ ಕಳಿಸಿದ. ಕೊಂದವಳೆಂಬ ಹೆಂಗಸಿಗೂ ಕೊಲೆಯಾಗಿ ಬದುಕಿದನೆಂಬ ಹುಡುಗನಿಗೂ ಒಂದೇ ಸೆರೆಮನೆ. ನ್ಯಾಯದ ಹೆಸರಿನಲ್ಲಿ ಹೊರಟ ದಂಡಯಾತ್ರೆಗೆ ನ್ಯಾಯ ಎಷ್ಟು ಬೇಕಾಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಹಾಗಾದರೆ ಬಿದನೂರು ಬಿದ್ದದ್ದು ಏಕೆ? ಹೈದರ್ ಮೈಸೂರಿನ ಪೂರ್ಣಾಧಿಕಾರ ಹಿಡಿದದ್ದು 1761ರಲ್ಲಿ. ಎರಡು ವರ್ಷಗಳೊಳಗೆ ಸಿರಾ, ಚಿಕ್ಕಬಳ್ಳಾಪುರ, ಚಿತ್ರದುರ್ಗಗಳನ್ನು ಹಿಡಿಯುತ್ತ ಮಣಿಸುತ್ತ ಅವನು ಉತ್ತರಕ್ಕೆ ಏರಿ ಬಂದ. ಬೆಳೆಯುತ್ತಿದ್ದ ಸೈನ್ಯಕ್ಕೆ ಸಂಬಳ ಕೊಡಬೇಕಿತ್ತು, ಮರಾಠರನ್ನು ಎದುರಿಸಲು ಹಣ ಬೇಕಿತ್ತು, ಸಮುದ್ರತೀರ ಬೇಕಿತ್ತು. ಶಿವಪ್ಪನಾಯಕ ಹದಿನೇಳನೆಯ ಶತಮಾನದಲ್ಲಿ ಹಾಕಿಕೊಟ್ಟ ಶಿಸ್ತಿನ ಕಂದಾಯ, ಮಂಗಳೂರು, ಬಸರೂರು, ಹೊನ್ನಾವರಗಳ ವ್ಯಾಪಾರ ಇವುಗಳಿಂದ ಕೆಳದಿಯ ಬೊಕ್ಕಸ ತುಂಬಿತ್ತು. ಬಿದನೂರಿನಲ್ಲಿ ಹೈದರನಿಗೆ ಸಿಕ್ಕ ಸಂಪತ್ತನ್ನು ವಿಲ್ಕ್ಸ್ ಒಂದು ಕೋಟಿ ಇಪ್ಪತ್ತು ಲಕ್ಷ ಪೌಂಡ್ ಎಂದು ಅಂದಾಜು ಮಾಡುತ್ತಾನೆ. ಅಂಕಿ ಉಬ್ಬಿದ್ದಿರಬಹುದು, ಆದರೆ ತನ್ನ ಏಳಿಗೆಯೆಲ್ಲ ಈ ಗೆಲುವಿನಿಂದ ಆರಂಭವಾಯಿತೆಂದು ಹೈದರನೇ ಹೇಳಿಕೊಳ್ಳುತ್ತಿದ್ದನೆಂಬ ಮಾತು ಅದರ ತೂಕವನ್ನು ತೋರಿಸುತ್ತದೆ. ಊರಿಗೆ ತನ್ನ ಹೆಸರಿಟ್ಟು ಹೈದರ್‌ನಗರ ಮಾಡಿದ, ಅಲ್ಲೇ ಟಂಕಸಾಲೆ ನಡೆಸಿದ. ಇಂದಿನ ನಗರ ಎಂಬ ಊರ ಹೆಸರು ಅದರ ಉಳಿಕೆ. ಇಂಥ ರಾಜ್ಯದ ಗದ್ದುಗೆಯ ಮೇಲೆ ವಿಧವೆ ಮತ್ತು ಮಗು ಕೂತಿದ್ದಾಗ, ಪಕ್ಕದಲ್ಲಿ ಹಸಿದ ಸೈನ್ಯವಿದ್ದಾಗ, ದಾಳಿಗೆ ರಾಣಿಯ ಹಾದರ ಕಾರಣವಾಗಬೇಕಾಗಿರಲಿಲ್ಲ. ಅವಳು ಪತಿವ್ರತೆಯಾಗಿದ್ದರೂ ದಾಳಿ ನಡೆಯುತ್ತಿತ್ತು.

ದಾಳಿ ಗೆದ್ದ ಬಗೆಯನ್ನೂ ನೋಡಬೇಕು. ಸುತ್ತ ಬೆಟ್ಟ, ದಟ್ಟ ಕಾಡು, ಕಣಿವೆಬಾಗಿಲುಗಳು ಬಿದನೂರಿಗೆ ಕೋಟೆಗಿಂತ ದೊಡ್ಡ ರಕ್ಷಣೆಯಾಗಿದ್ದವು. ಹೈದರ್ ಹತ್ತಿರ ಬಂದಂತೆಲ್ಲ ರಾಣಿ ಕೊಡಲೊಪ್ಪಿದ ಹಣ ಏರುತ್ತ ಹೋಯಿತು, ಅವನು ನಿಲ್ಲಲಿಲ್ಲ. ಕುಂಸಿಯಲ್ಲಿ ಅವನಿಗೆ ಲಿಂಗಣ್ಣನೆಂಬ ಹಳೆಯ ಮಂತ್ರಿ ಸಿಕ್ಕಿದ. ರಾಣಿ ಸೆರೆಯಲ್ಲಿಟ್ಟಿದ್ದ ಈತ ರಾಜಧಾನಿಗೆ ಹೋಗುವ ಒಂದು ಒಳದಾರಿಯನ್ನು ತೋರಿಸಿಕೊಟ್ಟ. ಕಾವಲಿದ್ದ ಬಾಗಿಲುಗಳ ಮುಂದೆ ಯುದ್ಧದ ಸೋಗು ಹಾಕಿ, ಆಯ್ದ ಪಡೆಯೊಂದಿಗೆ ಹೈದರ್ ಆ ದಾರಿಯಿಂದ ಊರೊಳಗೆ ನುಗ್ಗಿದ. ಜನ ಕಾಡಿಗೆ ಓಡಿದರು. ಅರಮನೆಗೆ ಬೆಂಕಿ ಹಚ್ಚಿಸಿ ರಾಣಿ ಬಲ್ಲಾಳರಾಯನದುರ್ಗಕ್ಕೆ ತಪ್ಪಿಸಿಕೊಂಡಳು, ಅಲ್ಲಿ ಸೆರೆಯಾದಳು. ಬಿದನೂರಿನಲ್ಲಿ ಹೀಗೆ ಎರಡು ಗುಟ್ಟುಗಳಿದ್ದವು. ಒಂದು ಹೆಂಗಸಿನ ಮಂಚದ್ದು, ಇನ್ನೊಂದು ಕಾಡಿನ ದಾರಿಯದು. ರಾಜಧಾನಿಯನ್ನು ಬೀಳಿಸಿದ್ದು ಎರಡನೆಯದು. ಅದನ್ನು ಹೊರಗೆಡವಿದವನು ಗಂಡಸು, ಆಡಳಿತ ಬಲ್ಲವನು, ಆ ಮನೆಯ ಅನ್ನ ಉಂಡವನು. ಆದರೂ ಬಿದನೂರಿನ ದ್ರೋಹ ಎಂದೊಡನೆ ಯಾರ ಬಾಯಲ್ಲೂ ಲಿಂಗಣ್ಣನ ಹೆಸರು ಬರುವುದಿಲ್ಲ. ರಾಣಿ ಅವನನ್ನು ಸೆರೆಗೆ ಹಾಕಿದ್ದಳಾದ್ದರಿಂದ ಅವನ ಸೇಡು ಸಹಜ ಎಂದು ನಾವು ಅರ್ಥ ಮಾಡಿಕೊಳ್ಳುತ್ತೇವೆ. ಆ ಅರ್ಥಮಾಡಿಕೊಳ್ಳುವ ಔದಾರ್ಯ ರಾಣಿಗೆ ದಕ್ಕಲಿಲ್ಲ. ಒಂದೇ ಘಟನೆಯಲ್ಲಿ ಗಂಡಸಿನ ದ್ರೋಹ ರಾಜಕಾರಣವಾಗಿ, ಹೆಂಗಸಿನ ದ್ರೋಹ ಪಾಪವಾಗಿ ದಾಖಲಾದದ್ದು ಈ ಕಥನದ ಮೂಲದೋಷ.

ಇದು ಬಿದನೂರಿಗೆ ಮಾತ್ರ ಸಂಬಂಧಿಸಿದ ದೋಷವೇ ಎಂದು ತಿಳಿಯಲು ಅದೇ ಮನೆತನದಲ್ಲಿ ನೂರು ವರ್ಷ ಹಿಂದಕ್ಕೆ ಹೋಗಬಹುದು. ಒಂದನೆಯ ಸೋಮಶೇಖರನಾಯಕ ಕೋಟಿಪುರದ ಸಿದ್ದಪ್ಪಶೆಟ್ಟರ ಮಗಳು ಚೆನ್ನಮ್ಮಾಜಿಯನ್ನು ಮೆಚ್ಚಿ ಮದುವೆಯಾದ. ಕೆಲವೇ ವರ್ಷಗಳಲ್ಲಿ ಕಲಾವತಿಯೆಂಬ ನರ್ತಕಿಯ ಬಲೆಗೆ ಬಿದ್ದು ಅರಮನೆ ಬಿಟ್ಟ, ರಾಜ್ಯ ಮರೆತ, ಬುದ್ಧಿ ಕಳೆದುಕೊಂಡ, 1671ರ ಸುಮಾರಿಗೆ ಕೊಲೆಯಾದ. ಬಿಜಾಪುರದ ಸೈನ್ಯ ಬಂದು ಬಾಗಿಲು ತಟ್ಟಿತು. ಇಲ್ಲಿ ಹೆಂಡತಿಗೆ ದ್ರೋಹ ಮಾಡಿದವನು ಗಂಡ, ರಾಜ್ಯವನ್ನು ಅಪಾಯಕ್ಕೆ ಒಡ್ಡಿದವನೂ ಅವನೇ. ಆದರೆ ಪರಂಪರೆಯ ಕಥೆಯಲ್ಲಿ ತಪ್ಪು ಅವನ ಹೆಗಲಿನ ಮೇಲೆ ನಿಲ್ಲುವುದಿಲ್ಲ. ಅದು ಜಾರಿ ಕಲಾವತಿಯ ಮೇಲೆ, ಅವಳ ಸಾಕುತಂದೆ ಭರಮೆ ಮಾವುತನ ಮದ್ದುಮಾಟಗಳ ಮೇಲೆ ಬೀಳುತ್ತದೆ. ಅರಸ ಮೋಸಹೋದ ಪಾಪದವನಾಗುತ್ತಾನೆ. ಗಂಡನ ದ್ರೋಹಕ್ಕೆ ಇನ್ನೊಬ್ಬ ಹೆಂಗಸು ಕಾರಣ, ಹೆಂಡತಿಯ ದ್ರೋಹಕ್ಕೆ ಅವಳೇ ಕಾರಣ. ನಿಂಬಯ್ಯನ ಮದ್ದಿಗೆ ವೀರಮ್ಮಾಜಿ ಮರುಳಾದಳು ಎಂದು ಯಾರೂ ಅವಳ ಪರವಾಗಿ ಒಂದು ಮಾತು ಸೇರಿಸಲಿಲ್ಲ. ಅತ್ತ ಚೆನ್ನಮ್ಮಾಜಿಯೂ ವಿಧವೆಯಾಗಿಯೇ ಆಳಿದಳು, ಅವಳೂ ಮಗುವೊಂದನ್ನು ದತ್ತು ಪಡೆದಳು. ಔರಂಗಜೇಬನಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಮೊಗಲ ಸೈನ್ಯವನ್ನು ಎದುರಿಸಿ, 1696ರವರೆಗೆ ರಾಜ್ಯ ಉಳಿಸಿದಳು. ಇಬ್ಬರು ರಾಣಿಯರ ಸ್ಥಿತಿ ಒಂದೇ: ವೈಧವ್ಯ, ದತ್ತು, ಒಳಗಿನ ಬಣಗಳು, ಹೊರಗಿನ ಶತ್ರು. ಒಬ್ಬಳು ಗೆದ್ದಳು, ಅವಳ ಅಂತಃಪುರದ ಬಾಗಿಲು ಇತಿಹಾಸಕ್ಕೆ ಮುಚ್ಚಿಯೇ ಉಳಿಯಿತು. ಇನ್ನೊಬ್ಬಳು ಸೋತಳು, ಅವಳ ಬಾಗಿಲನ್ನು ಗೆದ್ದವರು ಒಡೆದು ತೆರೆದರು.

ಇನ್ನೂ ಹಿಂದಕ್ಕೆ, ಕರಾವಳಿಗೆ ಇಳಿದರೆ ಈ ಅಚ್ಚಿನ ಮತ್ತೊಂದು ಪಡಿ ಕಾಣುತ್ತದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ 1623ರಲ್ಲಿ, ಆಗ ಕೆಳದಿಯವರ ರಾಜಧಾನಿಯಾಗಿದ್ದ ಇಕ್ಕೇರಿಯನ್ನು ನೋಡಿಕೊಂಡು ಮಂಗಳೂರಿಗೆ ಬಂದ, ಉಳ್ಳಾಲದ ಚೌಟ ರಾಣಿ ಅಬ್ಬಕ್ಕನನ್ನು ಕಂಡ. ಆಕೆ ತೋಡುಗಳನ್ನು ಅಗೆಸುವ ಕೆಲಸ ನೋಡಲು ಬರಿಗಾಲಲ್ಲಿ ಹೊರಟಿದ್ದಳು. ದಿನವಿಡೀ ಹೊಲಗದ್ದೆಯ ಕೆಲಸ, ಜನರ ನ್ಯಾಯತೀರ್ಮಾನ ಇವುಗಳಲ್ಲೇ ಕಳೆಯುವ ರಾಣಿಯೆಂದು ಅವನು ಬರೆದ. ಅವಳ ಗಂಡ ಬಂಗರಸನಿಗೂ ಅವಳಿಗೂ ಬಿರುಕು ಬಂದ ಕಥೆಯನ್ನೂ ಬರೆದ. ಗಂಡ ಕೊಟ್ಟಿದ್ದ ಒಡವೆಗಳನ್ನೆಲ್ಲ ಅವಳು ಹಿಂದಕ್ಕೆ ಕಳಿಸಿ ಸಂಬಂಧ ಕಡಿದುಕೊಂಡಳು. ಅವನು ಹೊಳೆಯಲ್ಲಿ ದೋಣಿಯಲ್ಲಿದ್ದ ಅವಳನ್ನು ಹೊಂಚುಹಾಕಿ ಹಿಡಿದ. ಬಿಡಿಸಿಕೊಂಡು ಬಂದವಳು ಯುದ್ಧ ಹೂಡಿದಳು. ಅವನು ಪೋರ್ಚುಗೀಸರನ್ನು ಕರೆದ, ಅವಳು ಇಕ್ಕೇರಿಯ ವೆಂಕಟಪ್ಪನಾಯಕನನ್ನು ಕರೆದಳು. ಅದೇ ಪ್ರವಾಸಿಯ ಕಿವಿಗೆ ಇನ್ನೊಂದು ಸುದ್ದಿಯೂ ಬಿದ್ದಿತ್ತು: ಅಧಿಕಾರ ಕೈಬಿಡಲೊಲ್ಲದೆ ರಾಣಿ ತನ್ನ ಹಿರಿಯ ಮಗನಿಗೇ ವಿಷವಿಕ್ಕಿದಳು ಎಂದು. ಆಳುವ ಹೆಂಗಸು, ಬೆಳೆದ ಮಗ, ತಾಯಿಯ ಕೈಯಿಂದ ಸಾವು. ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲದ ನಂತರ ಘಟ್ಟದ ಮೇಲೆ ವೀರಮ್ಮಾಜಿಯ ಮೇಲೆ ಬಂದ ಆರೋಪದ ಹಂದರ ಇದೇ. ಎರಡು ಕಡೆಯೂ ನಿಜವೇ ನಡೆದಿತ್ತೆಂದು ವಾದಿಸಬಹುದು. ಅದಕ್ಕಿಂತ ಹೆಚ್ಚು ಸಂಭವನೀಯವಾದದ್ದು, ಗಂಡಸಿನ ನೆರಳಿಲ್ಲದೆ ಆಳುವ ಹೆಂಗಸಿನ ಬಗ್ಗೆ ಊರು ಹೇಳಿಕೊಳ್ಳುವ ಕಥೆಯೊಂದು ಮೊದಲೇ ತಯಾರಾಗಿತ್ತು, ಹೆಸರು ಬದಲಾಯಿಸಿದರೆ ಸಾಕಿತ್ತು ಎಂಬುದು.

ಉಳ್ಳಾಲದ ಉದಾಹರಣೆ ಇನ್ನೊಂದು ಸಂಗತಿಯನ್ನೂ ತಿಳಿಸುತ್ತದೆ. ದಾಂಪತ್ಯದ ದ್ರೋಹ ಎಂಬುದು ಎಲ್ಲ ಕಡೆಯೂ ಒಂದೇ ತೂಕದ ಅಪರಾಧವಾಗಿರಲಿಲ್ಲ. ಚೌಟರು ನಡೆಸುತ್ತಿದ್ದದ್ದು ಅಳಿಯಸಂತಾನ. ಅಲ್ಲಿ ಆಸ್ತಿಯೂ ಪಟ್ಟವೂ ಹೆಣ್ಣಿನ ಬಳಿಯಲ್ಲಿ ಇಳಿಯುತ್ತಿದ್ದವು. ಹೆಂಡತಿ ಗಂಡನ ಮನೆಯಲ್ಲೇ ಇರಬೇಕಿರಲಿಲ್ಲ, ಸಂಬಂಧ ಕಡಿದರೆ ಅವಳ ಗದ್ದುಗೆ ಅಲ್ಲಾಡುತ್ತಿರಲಿಲ್ಲ. ಹೀಗಾಗಿ ಒಡವೆ ಹಿಂತಿರುಗಿಸಿದ ಅಬ್ಬಕ್ಕನ ಮೇಲೆ ಪಾತಿವ್ರತ್ಯಭಂಗದ ಆರೋಪ ಅಂಟಲಿಲ್ಲ, ಪರದೇಶೀಯರನ್ನು ಕರೆತಂದ ಗಂಡನೇ ದ್ರೋಹಿಯಾದ. ಬಿದನೂರಿನಲ್ಲಿ ಹಾಗಾಗಲಿಲ್ಲ. ಕೆಳದಿಯವರು ವೀರಶೈವರು. ಆ ಸಮುದಾಯದ ಅನೇಕ ಪಂಗಡಗಳಲ್ಲಿ ವಿಧವೆಗೆ ಕೂಡಿಕೆ, ಉಡಿಕೆ ಎಂಬ ಮರುಮದುವೆ ರೂಢಿಯಲ್ಲಿತ್ತು. ಒಕ್ಕಲಿನ ಮನೆಯ ವಿಧವೆ ಸೀರೆ ಉಡಿಸಿಕೊಂಡು ಇನ್ನೊಬ್ಬನ ಜೊತೆ ಮರ್ಯಾದೆಯಿಂದ ಬಾಳಬಹುದಿತ್ತು. ಅರಸುಮನೆಯ ವಿಧವೆಗೆ ಆ ದಾರಿ ಇರಲಿಲ್ಲ. ಏಕೆಂದರೆ ಅವಳ ಜೊತೆ ಕೂಡಿದವನು ಗದ್ದುಗೆಗೂ ಹತ್ತಿರವಾಗುತ್ತಾನೆ, ದತ್ತುಮಗನ ಬಣಕ್ಕೂ ಹಳೆಯ ಮಂತ್ರಿಗಳಿಗೂ ಕುತ್ತಾಗುತ್ತಾನೆ. ನಿಂಬಯ್ಯನ ಮೇಲಿನ ಸಿಟ್ಟಿನಲ್ಲಿ ಶೀಲದ ಪ್ರಶ್ನೆ ಎಷ್ಟಿತ್ತು, ಅಧಿಕಾರದ ಪ್ರಶ್ನೆ ಎಷ್ಟಿತ್ತು ಎಂದು ಅಳೆದರೆ ಎರಡನೆಯದೇ ಹೆಚ್ಚು ತೂಗುತ್ತದೆ. ಬಹುಪತ್ನೀಕರಾದ, ಉಪಪತ್ನಿಯರನ್ನಿಟ್ಟುಕೊಂಡ ಅರಸರ ಆಸ್ಥಾನಗಳಲ್ಲಿ ಒಬ್ಬ ಮಂತ್ರಿಯೂ ಶೀಲಕ್ಕಾಗಿ ಸೆರೆಗೆ ಹೋದದ್ದು ಕೇಳಿಲ್ಲ.

ಈ ಸರಕು ಕನ್ನಡ ಕಾದಂಬರಿಗೆ ಬಂದದ್ದು ಹೇಗೆ? ನಮ್ಮಲ್ಲಿ ಐತಿಹಾಸಿಕ ಕಾದಂಬರಿಯ ರುಚಿ ಹತ್ತಿಸಿದವರು ಬಿ. ವೆಂಕಟಾಚಾರ್ಯರು ಮತ್ತು ಗಳಗನಾಥರು. ಮೊದಲನೆಯವರು ಬಂಕಿಮಚಂದ್ರರ ದುರ್ಗೇಶನಂದಿನಿಯನ್ನು 1885ರಲ್ಲಿ ಕನ್ನಡಕ್ಕೆ ತಂದರು, ಎರಡನೆಯವರು ಮರಾಠಿಯ ಹರಿ ನಾರಾಯಣ ಆಪ್ಟೆಯವರ ಮಾದರಿಯನ್ನು ಪರಿಚಯಿಸಿದರು. ಬಂದ ಮಾದರಿಯಲ್ಲೇ ಒಂದು ಒಲವಿತ್ತು: ರಾಜ್ಯದ ಏಳುಬೀಳನ್ನು ಕೆಲವೇ ವ್ಯಕ್ತಿಗಳ ಪ್ರೀತಿ, ಮೋಸ, ತ್ಯಾಗಗಳ ಮೂಲಕ ಹೇಳುವುದು. ಕಂದಾಯ, ಸಾಲ, ಮದ್ದುಗುಂಡಿನ ಲೆಕ್ಕವನ್ನು ಕಾದಂಬರಿಯಲ್ಲಿ ನಡೆಸುವುದು ಕಷ್ಟ, ಬಾಗಿಲ ಮರೆಯ ಪಿಸುಮಾತನ್ನು ನಡೆಸುವುದು ಸುಲಭ. ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಚನ್ನಬಸವನಾಯಕ’ ಈ ಪರಂಪರೆಯೊಳಗೆ ಬಂದ ದೊಡ್ಡ ಕೃತಿ. ರಾಣಿ ಮತ್ತು ನಿಂಬಯ್ಯನ ಸಂಬಂಧವನ್ನು ಅದು ಪರಂಪರೆಯಿಂದ ಹಾಗೆಯೇ ಸ್ವೀಕರಿಸಿ ತನ್ನ ಕಥೆಯ ನಡುವಿಗೆ ಇಟ್ಟುಕೊಂಡಿದೆ. ಮಾಸ್ತಿಯವರ ಬರಹದಲ್ಲಿ ಅಗ್ಗದ ರೋಚಕತೆ ಇಲ್ಲ. ಮನುಷ್ಯ ಸ್ವಭಾವದ ದೌರ್ಬಲ್ಯವನ್ನು ಕನಿಕರದಿಂದ ನೋಡುವ ಕಣ್ಣು ಅವರದು. ಆದರೆ ಕನಿಕರ ಆರೋಪವನ್ನು ಮೃದುಗೊಳಿಸುತ್ತದೆ, ಪರೀಕ್ಷಿಸುವುದಿಲ್ಲ. ತಪ್ಪು ಮಾಡಿದವಳ ಬಗ್ಗೆ ಮರುಕ ಹುಟ್ಟಬೇಕಾದರೆ ಅವಳು ತಪ್ಪು ಮಾಡಿದಳೆಂಬುದು ಮೊದಲು ಖಚಿತವಾಗಿರಬೇಕು. ಹೀಗೆ ಒಳ್ಳೆಯ ಕಾದಂಬರಿಯೊಂದು ಗೆದ್ದವರ ಕಥೆಗೆ, ತನಗೆ ಅರಿವಿಲ್ಲದೆಯೇ, ಮುದ್ರೆ ಒತ್ತಿತು.

ಇಷ್ಟಕ್ಕೂ ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಕೇಳುವವರಿದ್ದಾರೆ. ಇಷ್ಟು ಜನ ಹೇಳಿದ ಮೇಲೆ ಏನೋ ಇದ್ದಿರಲೇಬೇಕು ಎಂಬ ತರ್ಕ ಅದು. ವಾದಕ್ಕಾಗಿ ಒಪ್ಪಿಕೊಳ್ಳೋಣ: ರಾಣಿಗೆ ನಿಂಬಯ್ಯನೊಡನೆ ಸಂಬಂಧವಿತ್ತು. ಅದರಿಂದ ಏನು ಸಿದ್ಧವಾಯಿತು? ಹೈದರನ ಸೈನ್ಯದ ಒಬ್ಬ ಸವಾರನೂ ಅದರಿಂದ ಹೆಚ್ಚಾಗಲಿಲ್ಲ, ಬಿದನೂರಿನ ಒಂದು ಕಣಿವೆಬಾಗಿಲೂ ಅದರಿಂದ ತೆರೆಯಲಿಲ್ಲ. ದತ್ತುಮಗನ ಕೊಲೆ ನಡೆದಿದ್ದರೆ ಅದು ಘೋರವೇ. ಆದರೆ ಗದ್ದುಗೆಗಾಗಿ ಅಣ್ಣತಮ್ಮಂದಿರನ್ನು ಕೊಂದ, ಕಣ್ಣು ಕೀಳಿಸಿದ ಅರಸರು ದಕ್ಷಿಣದ ಮನೆತನಗಳಲ್ಲಿ ಬೇಕಾದಷ್ಟಿದ್ದಾರೆ. ಅವರನ್ನು ಕ್ರೂರಿಗಳೆಂದು ಬರೆದ ಇತಿಹಾಸ, ಆ ಕ್ರೌರ್ಯದಿಂದಲೇ ರಾಜ್ಯ ಬಿದ್ದಿತೆಂದು ಬರೆಯಲಿಲ್ಲ. ಬಿದನೂರಿನ ವಿಷಯದಲ್ಲಿ ಮಾತ್ರ ಶೀಲದಿಂದ ಸೋಲಿಗೆ ನೇರ ಸೇತುವೆ ಕಟ್ಟಲಾಯಿತು. ಪ್ರಜೆಗಳು ರಾಣಿಯಿಂದ ಬೇಸತ್ತಿದ್ದರು, ಆದ್ದರಿಂದ ಹೋರಾಡಲಿಲ್ಲ ಎಂಬ ಉತ್ತರ ಕೊಡಬಹುದು. ಊರು ಕಾಡಿಗೆ ಓಡಿದ್ದು ನಿಜ. ಶತ್ರು ಒಳದಾರಿಯಿಂದ ನಡುಬೀದಿಯಲ್ಲಿ ಪ್ರತ್ಯಕ್ಷವಾದಾಗ ಊರು ಓಡುವುದಕ್ಕೆ ಬೇಸರದ ಕಾರಣ ಬೇಕಿಲ್ಲ, ಭಯವೇ ಸಾಕು. ಮೇಲಾಗಿ, ಅಷ್ಟು ಜನ ಹೇಳಿದರೆಂಬುದೂ ಸರಿಯಲ್ಲ. ಒಂದೇ ಮೂಲದಿಂದ ಹೊರಟ ಮಾತನ್ನು ಹತ್ತು ಪುಸ್ತಕಗಳು ಒಂದರಿಂದೊಂದು ಎತ್ತಿಕೊಂಡರೆ ಸಾಕ್ಷಿ ಹತ್ತಾಗುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು: ಕಾದಂಬರಿಕಾರ ಇತಿಹಾಸಕಾರನಲ್ಲ, ದಂತಕಥೆಯನ್ನು ಬಳಸಿಕೊಳ್ಳುವುದು ಅವನ ಹಕ್ಕು, ಅವನ ಹೊಣೆ ಕಥೆಯ ಸತ್ಯಕ್ಕೆ ಮಾತ್ರ. ಈ ಹಕ್ಕನ್ನು ನಿರಾಕರಿಸಬೇಕಿಲ್ಲ. ಆದರೆ ಐತಿಹಾಸಿಕ ಕಾದಂಬರಿ ನಿಜವಾದ ಹೆಸರು, ನಿಜವಾದ ಊರು, ನಿಜವಾದ ಇಸವಿಗಳನ್ನು ಎರವಲು ಪಡೆದೇ ಓದುಗನ ನಂಬಿಕೆ ಗಳಿಸುತ್ತದೆ. ಪಡೆದ ಎರವಲಿಗೆ ಬಡ್ಡಿ ಕಟ್ಟಬೇಕಾಗುತ್ತದೆ. ಕನ್ನಡಿಗರಲ್ಲಿ ವಿಲ್ಕ್ಸನನ್ನು ಓದಿದವರು ಬೆರಳೆಣಿಕೆಯಷ್ಟು, ಬಿದನೂರನ್ನು ಕಾದಂಬರಿ ನಾಟಕಗಳಿಂದ ತಿಳಿದವರೇ ಬಹುಮಂದಿ. ಅಲ್ಲದೆ ಕಲೆಯ ದೃಷ್ಟಿಯಿಂದಲೂ ಇಲ್ಲಿ ನಷ್ಟವಾಗಿದೆ. ಹಾದರದ ಕಥೆ ನೂರಾರು ಇವೆ. ಬಿದನೂರಿಗೇ ವಿಶಿಷ್ಟವಾದದ್ದು ಒಂದು ವದಂತಿ ಬೆಳೆದ ಬಗೆ: ಅದು ಚಿತ್ರದುರ್ಗದಲ್ಲಿ ಯಾವ ಲೆಕ್ಕಾಚಾರದಿಂದ ಹೊರಟಿತು, ದಂಡಿನ ಬಿಡಾರದಲ್ಲಿ ಯಾರ ನಗೆಗೆ ಗುರಿಯಾಯಿತು, ಐದು ವರ್ಷ ಸತ್ತಿದ್ದ ಹುಡುಗನ ಪಾತ್ರ ವಹಿಸಿದವನಿಗೆ ಮಧುಗಿರಿಯ ಸೆರೆಯಲ್ಲಿ ರಾಣಿಯ ಮುಖ ನೋಡುವುದು ಹೇಗನಿಸಿತು. ಇತಿಹಾಸ ಮೌನವಾಗಿರುವ ಈ ಜಾಗಗಳಲ್ಲಿ ಕಾದಂಬರಿಕಾರನಿಗೆ ಪೂರ್ಣ ಸ್ವಾತಂತ್ರ್ಯವಿತ್ತು. ಅದನ್ನು ಬಿಟ್ಟು ಇತಿಹಾಸ ಅತಿಯಾಗಿ ಮಾತಾಡಿದ ಜಾಗದಲ್ಲೇ ಅವನೂ ಮಾತಾಡಿದ.

ಗಂಡಸು ಅರಸರನ್ನೂ ನಡತೆಯಿಂದಲೇ ಅಳೆದಿಲ್ಲವೇ ಎಂಬುದು ಮೂರನೆಯ ಪ್ರಶ್ನೆ. ಇದಕ್ಕೆ ಮಾಸ್ತಿಯವರದೇ ಇನ್ನೊಂದು ಕೃತಿ, 1956ರ ‘ಚಿಕವೀರರಾಜೇಂದ್ರ’, ಸಾಕ್ಷಿಯಾಗಿ ಬರುತ್ತದೆ. 1834ರಲ್ಲಿ ಕೊಡಗನ್ನು ಕಳೆದುಕೊಂಡ ಆ ದೊರೆಯ ಲಂಪಟತನ ಕಾದಂಬರಿಯಲ್ಲೂ ಇದೆ, ಈಸ್ಟ್ ಇಂಡಿಯಾ ಕಂಪನಿಯ ಆರೋಪಗಳಲ್ಲೂ ಇತ್ತು. ಈ ಉದಾಹರಣೆ ನಮ್ಮ ವಾದವನ್ನು ಅಲ್ಲಗಳೆಯುವ ಬದಲು ಗಟ್ಟಿ ಮಾಡುತ್ತದೆ. ಅಲ್ಲಿಯೂ ಅಂತಃಪುರದ ಸುದ್ದಿ ಊರಿಗೆಲ್ಲ ಹರಡಿದ್ದು ರಾಜ್ಯವನ್ನು ಕಸಿಯಬೇಕಾದ ಹೊತ್ತಿನಲ್ಲಿ. ಕಸಿದವರು ಅದನ್ನೇ ತಮ್ಮ ಸಮರ್ಥನೆಯಾಗಿ ಬಳಸಿಕೊಂಡರು. ಅಂದರೆ ಸೋತವರ ಮಲಗುವ ಮನೆಯನ್ನು ಬಯಲಿಗಿಡುವುದು ಗೆದ್ದವರ ಹಳೆಯ ಅಭ್ಯಾಸ. ವ್ಯತ್ಯಾಸ ಇಷ್ಟೇ: ಚಿಕವೀರರಾಜನ ವಿಷಯದಲ್ಲಿ ಲಂಪಟತನ ಹಲವು ಆರೋಪಗಳಲ್ಲಿ ಒಂದು. ಕೊಲೆಗಳು, ಬಂಧುಗಳ ಕಿರುಕುಳ, ತಂಗಿ ದೇವಮ್ಮಾಜಿಯೂ ಅವಳ ಗಂಡನೂ ಕಂಪನಿಯ ಆಶ್ರಯಕ್ಕೆ ಓಡಿದ್ದು, ಕಂಪನಿಯೊಡನೆ ಜಗಳ, ಎಲ್ಲವೂ ಸೇರಿ ಅವನೊಬ್ಬ ಕೆಟ್ಟ ಅರಸನಾದ. ವೀರಮ್ಮಾಜಿ ಎಂಥ ಅರಸಿಯಾಗಿದ್ದಳು, ಮರಾಠರ ಹಣದ ಒತ್ತಡವನ್ನು ಹೇಗೆ ನಿಭಾಯಿಸಿದಳು, ಬಂದರುಗಳನ್ನು ಹೇಗೆ ನೋಡಿಕೊಂಡಳು ಎಂಬ ಪ್ರಶ್ನೆಯೇ ಕಥೆಯಲ್ಲಿ ಏಳುವುದಿಲ್ಲ. ಅರಸನ ಶೀಲ ಅವನ ಆಳಿಕೆಯ ಒಂದು ಅಧ್ಯಾಯವಾದರೆ, ಅರಸಿಯ ಶೀಲವೇ ಅವಳ ಪೂರ್ತಿ ಪುಸ್ತಕವಾಯಿತು.

ಈಚಿನ ದಿನಗಳಲ್ಲಿ ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಬೆಳೆಯುತ್ತಿದೆ. ಅಬ್ಬಕ್ಕ, ಚೆನ್ನಮ್ಮಾಜಿಯರನ್ನು ವೀರವನಿತೆಯರೆಂದು ಕೊಂಡಾಡುವ ನಾಟಕ, ಕಾದಂಬರಿ, ಶಾಲಾಪಾಠಗಳು ಅವರ ಬದುಕಿನಿಂದ ಗುಟ್ಟು, ಜಗಳ, ಬ್ಯಾಂಕಿನ ಲೆಕ್ಕದಷ್ಟೇ ಶುಷ್ಕವಾದ ಆಡಳಿತದ ದಿನಚರಿ ಎಲ್ಲವನ್ನೂ ತೊಳೆದುಬಿಡುತ್ತವೆ. ಗಂಡನ ಒಡವೆ ಹಿಂದಕ್ಕೆ ಕಳಿಸಿದ ಹಟಮಾರಿ ಹೆಂಗಸು ಮಾಯವಾಗಿ, ಕತ್ತಿ ಹಿಡಿದ ಚಿತ್ರಪಟ ಉಳಿಯುತ್ತದೆ. ವೀರಮ್ಮಾಜಿಯನ್ನೂ ಹೀಗೆ ತೊಳೆದು ಗುಡಿಯಲ್ಲಿಡಿ ಎಂದು ಕೇಳಿದರೆ ಅವಳಿಗೆ ನ್ಯಾಯ ಸಿಕ್ಕಂತಾಗದು. ಶುದ್ಧಳೆಂದು ಹೊಗಳುವುದೂ ಅಶುದ್ಧಳೆಂದು ತೆಗಳುವುದೂ ಒಂದೇ ಅಳತೆಗೋಲನ್ನು ಹಿಡಿದ ಕೆಲಸ. ಬದಲಾಗಬೇಕಾದದ್ದು ಅಳತೆಗೋಲು. ಆಳುವ ಹೆಂಗಸಿಗೆ ಆಸೆಯಿದ್ದಿರಬಹುದು, ಅಂಜಿಕೆಯಿದ್ದಿರಬಹುದು, ಅವಳು ತಪ್ಪು ಲೆಕ್ಕ ಹಾಕಿರಬಹುದು, ಅನ್ಯಾಯವನ್ನೂ ಮಾಡಿರಬಹುದು. ಅದನ್ನೆಲ್ಲ ಅರಸರ ವಿಷಯದಲ್ಲಿ ತೂಗುವ ತಕ್ಕಡಿಯಲ್ಲೇ ತೂಗಬೇಕು.

1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಮಧುಗಿರಿಯನ್ನು ಹಿಡಿದು ವೀರಮ್ಮಾಜಿಯನ್ನು ಸೆರೆಯಿಂದ ಬಿಡಿಸಿತು. ಪುಣೆಗೆ ಹೋಗುವ ದಾರಿಯಲ್ಲಿ ಅವಳು ತೀರಿಕೊಂಡಳು. ಅವಳ ಮಾತು ಯಾವ ದಾಖಲೆಯಲ್ಲೂ ಸೇರಲಿಲ್ಲ. ಬಿದನೂರು ಬಿದ್ದದ್ದು ಅದರ ಸಂಪತ್ತಿನ ಮೇಲೆ ಬಿದ್ದ ಕಣ್ಣಿನಿಂದ, ಬಲವಾದ ಸೈನ್ಯದಿಂದ, ಒಳಗಿನವನೊಬ್ಬ ತೋರಿಸಿದ ದಾರಿಯಿಂದ. ರಾಣಿಯ ಗುಟ್ಟು, ಅಂಥದೊಂದು ಇದ್ದಿದ್ದರೂ, ಈ ಪಟ್ಟಿಯಲ್ಲಿ ಸೇರುವುದಿಲ್ಲ. ಮುಂದೆ ಬಿದನೂರಿನ ಕಾದಂಬರಿ ಬರೆಯುವವರು ಮಂಚದ ಕಥೆಯನ್ನು ಎತ್ತಿಕೊಳ್ಳುವ ಮುನ್ನ ಅದನ್ನು ಮೊದಲು ಹೇಳಿದವರು ಯಾರೆಂದು ವಿಚಾರಿಸಲಿ, ಓದುವವರೂ ಅದನ್ನೇ ಕೇಳಲಿ.